ಎರಡನೇ ಪ್ಯಾಡಿನ ಸೂತಕ

ಶೋಭಾರಾಣಿ ಆಸೆಪಟ್ಟು ತರಿಸಿಕೊಂಡ ಪೆಟ್ಟಿಗೆಗೆ ಸ್ವಂತ ದನಿಯೇ ಇರಲಿಲ್ಲ. ಇಪ್ಪತ್ತೈದು ಕೀಗಳಿದ್ದವು, ಬಲಗಡೆ ಎರಡು ಸಾಲಿನಲ್ಲಿ ಎಂಟು ರಬ್ಬರಿನ ಪ್ಯಾಡುಗಳಿದ್ದವು, ಮೇಲೆ ತಿರುಗಿಸಲು ಎಂಟು ನಾಬುಗಳಿದ್ದವು, ಒತ್ತಿದಲ್ಲೆಲ್ಲ ಬಣ್ಣದ ದೀಪ ಹತ್ತುತ್ತಿತ್ತು. ದನಿ ಮಾತ್ರ ಇಲ್ಲ. ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಅವಳಪ್ಪ ಶಿವಮೂರ್ತಿ ಅದನ್ನು ಮುಂದಿಟ್ಟುಕೊಂಡು ಈ ತುದಿಯಿಂದ ಆ ತುದಿಯವರೆಗೆ ಒತ್ತಿ ನೋಡಿ, "ಮೂಗಿ ಐತಲ್ಲವ್ವ ಇದು," ಎಂದ.

"ಮೂಗಿ ಅಲ್ಲಪ್ಪ. ಮಿಡಿ ಕೀಬೋರ್ಡು ಅಂತಾರೆ ಇದಕ್ಕೆ. ಇದು ಬರೀ ಹುಕುಂ ಕೊಡ್ತೈತೆ, ದುಡಿಯೋದೆಲ್ಲ ಲ್ಯಾಪ್‌ಟಾಪು."

"ಹಂಗಾರೆ ಗಂಡಿನ ಕಡೆ ಬೀಗರು ಇದ್ದಂಗೆ ಅನ್ನು," ಎಂದು ಶಿವಮೂರ್ತಿ ಪೆಟ್ಟಿಗೆಯನ್ನು ಗೌರವದಿಂದ ಪಕ್ಕಕ್ಕಿಟ್ಟ.

ಶಿವಮೂರ್ತಿಯದು ಮೂವತ್ತೈದು ವರ್ಷದ ವಾಲಗದ ಮೇಳ. ದಾವಣಗೆರೆ, ಹರಿಹರದ ಸುತ್ತ ಅವನ ಶಹನಾಯಿ ಇಲ್ಲದೆ ಬಾಸಿಂಗ ಕಟ್ಟಿಸಿಕೊಂಡವರು ಕಡಿಮೆ. ಅಂಥ ಮೇಳ ಮೂರು ಕಾರಣಕ್ಕೆ ಮೂಲೆ ಸೇರಿತ್ತು. ಮೊದಲನೆಯದು ಹಲ್ಲು: ಶಿವಮೂರ್ತಿಯ ಮುಂದಿನ ಹಲ್ಲು ಆರೂ ಉದುರಿ, ಊದಿದ ಗಾಳಿ ಶಹನಾಯಿಗೆ ಹೋಗುವ ಬದಲು ಎದುರಿಗೆ ಕೂತವರ ಮುಖಕ್ಕೆ ಹೋಗುತ್ತಿತ್ತು. ಎರಡನೆಯದು ಹೆಗಲು: ಡೋಲಿನ ನಿಂಗಪ್ಪ ಬೈಕಿನಿಂದ ಬಿದ್ದು ಹೆಗಲೆಲುಬು ಮುರಿದುಕೊಂಡಿದ್ದ. ಮೂರನೆಯದು ಸಿಟ್ಟು. ತಾಳದ ಉಚ್ಚಂಗೆಪ್ಪನಿಗೆ ಹಲ್ಲೂ ಇತ್ತು, ಹೆಗಲೂ ಇತ್ತು. ಆದರೆ ಅವನು ನಿಂಗಪ್ಪನ ಸಂಗಡ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮಾತು ಬಿಟ್ಟರೂ ಇಷ್ಟು ಕಾಲ ತಾಳ ಬಿಟ್ಟಿರಲಿಲ್ಲ. ಹೆಗಲು ಮುರಿದವನಿಗಾಗಿ ನಾಲ್ಕು ತಿಂಗಳು ಕಾಯಬೇಕಾಗಿ ಬಂದಾಗ, ಅದೂ ಹೋಯಿತು.

ಮೇಳ ನಿಂತ ಮೇಲೆ ಶಿವಮೂರ್ತಿ ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿ ಎಣಿಸತೊಡಗಿದ. ಶೋಭಾರಾಣಿಗೆ ಅದನ್ನು ನೋಡಲಾಗಲಿಲ್ಲ. ಅವಳು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು. ಹಲ್ಲು, ಹೆಗಲು, ಸಿಟ್ಟು ಮೂರನ್ನೂ ಒಂದೇ ಏಟಿಗೆ ದಾಟಲು ಅವಳಿಗೆ ಹೊಳೆದ ದಾರಿ ಈ ಪೆಟ್ಟಿಗೆ. ಕಿಟಕಿಗೆ ಹಾಸಿಗೆ ಕಟ್ಟಿ, ಕುಕ್ಕರ್ ಇಳಿಸಿ, ಓಣಿಯ ನಾಯಿಗಳಿಗೆ ಬ್ರೆಡ್ಡು ಹಾಕಿ ಸುಮ್ಮನಾಗಿಸಿ, ಒಬ್ಬೊಬ್ಬರನ್ನೇ ಕರೆಸಿ ರೆಕಾರ್ಡ್ ಮಾಡಿಕೊಂಡಳು. ಅಪ್ಪ ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ಒಂದೊಂದೇ ಸ್ವರ ಊದಿದ. ನಿಂಗಪ್ಪ ನೆಲಕ್ಕೆ ಡೋಲು ಇಟ್ಟುಕೊಂಡು ಒಂದು ಬೈಠಕ್ಕಿಗೆ ಆಗುವಷ್ಟು ಬಡಿದ. ಉಚ್ಚಂಗೆಪ್ಪ ಮಾರನೇ ದಿನ ಬಂದು, ನಿನ್ನೆ ಕೂತವನು ಯಾವ ಚಾಪೆಯ ಮೇಲೆ ಕೂತಿದ್ದ ಎಂದು ವಿಚಾರಿಸಿ, ಬೇರೆ ಚಾಪೆ ಹಾಕಿಸಿಕೊಂಡು ತಾಳ ಹಾಕಿದ.

ಕೀಗಳೆಲ್ಲ ಅಪ್ಪನ ಶಹನಾಯಿಗೆ ಹೋದವು. ಪ್ಯಾಡುಗಳ ಹಂಚಿಕೆ ಮಾತ್ರ ಆಸ್ತಿ ಪಾಲಿನಷ್ಟೇ ಗೋಜಲಾಯಿತು. ಒಂದನೇ ಪ್ಯಾಡು ಯಾರಿಗೂ ಬೇಡ, ಅದು ಗಣಪತಿಗೆ ಇರಲಿ ಎಂದು ಅಪ್ಪ ಹೇಳಿದ. ಅದು ಇವತ್ತಿಗೂ ಖಾಲಿ, ಮುಟ್ಟಿ ನಮಸ್ಕರಿಸಲಿಕ್ಕೆ ಮಾತ್ರ. ಎರಡನೆಯದು ನಿಂಗಪ್ಪನಿಗೆ, ಕೆಂಪು ದೀಪ. ಮೂರನೆಯದನ್ನು ಉಚ್ಚಂಗೆಪ್ಪನಿಗೆ ಕೊಟ್ಟರೆ ಅವನು, "ಅವನ ಮಗ್ಗಲಾಗ ಕೂಡಂಗಿಲ್ಲ," ಎಂದ. ಕೊನೆಗೆ ಮೇಲಿನ ಸಾಲಿನ ಆ ಮೂಲೆಯ ಎಂಟನೇ ಪ್ಯಾಡು ಅವನದಾಯಿತು, ಹಸಿರು ದೀಪ. ಮೆಲ್ಲಗೆ ಒತ್ತಿದರೆ ನಿಧಾನದ ನಡೆ, ಜೋರಾಗಿ ಒತ್ತಿದರೆ ಗಟ್ಟಿಮೇಳ ಬರುವ ಹಾಗೆ ಶೋಭಾರಾಣಿ ಎರಡಕ್ಕೂ ಹೊಂದಿಸಿದಳು. ಇಬ್ಬರನ್ನೂ ಒಂದೇ ಚಾನೆಲ್ಲಿನಲ್ಲಿ ಇಡಬಹುದಿತ್ತು, ಕೆಲಸ ಹಗುರಾಗುತ್ತಿತ್ತು. ಆದರೆ ಚಾನೆಲ್ ಅಂದರೆ ಏನು ಎಂದು ಉಚ್ಚಂಗೆಪ್ಪ ಕೇಳಿದಾಗ ಅವಳು ಬಾಯಿತಪ್ಪಿ, "ಮನೆತನ ಇದ್ದಂಗೆ ಮಾವ," ಎಂದುಬಿಟ್ಟಿದ್ದಳು. ಹಾಗಾಗಿ ಅಪ್ಪ ಒಂದನೇ ಚಾನೆಲ್ಲು, ನಿಂಗಪ್ಪ ಎರಡನೇದು, ಉಚ್ಚಂಗೆಪ್ಪ ಮೂರನೇದು. ಒಬ್ಬೊಬ್ಬರಿಗೆ ಒಂದೊಂದು ನಾಬು.

ಬಾಯಿ ತಪ್ಪುವುದು ಅವಳಿಗೆ ಅಲ್ಲಿಗೆ ನಿಲ್ಲಲಿಲ್ಲ. ಈ ಕಡೆ ವಾಲಗದವರು ಕೂತ ಕೂಡಲೆ ಮದುವೆ ಮನೆಯವರು ಒಬ್ಬೊಬ್ಬರಿಗೂ ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಟವೆಲ್ ಇಟ್ಟು ವೀಳ್ಯ ಕೊಡಬೇಕು. ವೀಳ್ಯ ಮುಟ್ಟದೆ ಯಾವ ವಾದ್ಯಕ್ಕೂ ಕೈ ತಾಗುವುದಿಲ್ಲ. ಪೆಟ್ಟಿಗೆಯೊಂದಿಗೆ ಅವಳು ಹೋದ ಮೊದಲ ಮದುವೆಯಲ್ಲೇ ತಕರಾರು ಎದ್ದಿತು. ಮಷೀನಿಗೆ ವೀಳ್ಯ ಕೊಟ್ಟು ಮದುವೆ ಮಾಡಿದರೆ ಹುಟ್ಟುವ ಮಕ್ಕಳಿಗೆ ಚಾರ್ಜರ್ ಬೇಕಾಗುತ್ತದೆ ಎಂದು ಹೆಣ್ಣಿನ ಸೋದರಮಾವ ಕುಹಕವಾಡಿದ. ಶೋಭಾರಾಣಿಗೆ ರೇಗಿತು. "ಇದು ಮಷೀನಲ್ರಿ. ಇದು ನಿಂಗಪ್ಪಮಾವ, ಇದು ಉಚ್ಚಂಗೆಪ್ಪಮಾವ, ಇವೆಲ್ಲ ನಮ್ಮಪ್ಪ. ಒತ್ತಿದ್ರೆ ಅವ್ರೇ ಬರ್ತಾರೆ," ಎಂದಳು. ಒತ್ತಿ ತೋರಿಸಿದಳು. ಅವರೇ ಬಂದರು. ಹಿರಿಯರು ತಲೆದೂಗಿ ಮೂರು ವೀಳ್ಯ ತರಿಸಿದರು.

ಮುಂದಿನ ಮದುವೆಯಲ್ಲಿ, ವೀಳ್ಯ ತಗೊಳ್ಳುವವರು ಎಲ್ಲಿ ಎಂದು ಕೇಳಿದರು. ಅಲ್ಲಿಂದ ಮೂವರೂ ಮದುವೆಗೆ ಬರಲು ಶುರುವಾಯಿತು. ಪೆಟ್ಟಿಗೆಯ ಹಿಂದೆ ಮೂರು ಪ್ಲಾಸ್ಟಿಕ್ ಕುರ್ಚಿ, ಮಧ್ಯದಲ್ಲಿ ಅಪ್ಪ, ಆ ಕಡೆ ಒಬ್ಬ, ಈ ಕಡೆ ಒಬ್ಬ. ಜರಿ ಪೇಟ ಸುತ್ತಿಕೊಂಡು, ಕೈಯಲ್ಲಿ ಏನೂ ಇಲ್ಲದೆ, ಏನೂ ಮಾಡದೆ ಘನವಾಗಿ ಕೂಡುತ್ತಿದ್ದರು. ತನ್ನ ಪ್ಯಾಡು ಒತ್ತಿದಾಗ ನಿಂಗಪ್ಪ ಗಂಭೀರವಾಗಿ ತಲೆದೂಗುತ್ತಿದ್ದ. ಅವಳು ಮೆಲ್ಲಗೆ ಒತ್ತಿದರೆ, ನನ್ನನ್ನು ಎಲ್ಲರ ಮುಂದೆ ಸಣ್ಣವನನ್ನಾಗಿ ಮಾಡಿದೆ ಎಂದು ಊಟದ ಹೊತ್ತಿಗೆ ಮುನಿಸಿಕೊಳ್ಳುತ್ತಿದ್ದ. ಜನಕ್ಕೆ ಇದು ಹಿಡಿಸಿತು. ಶಿವಮೂರ್ತಿ ಗಾಡಿ ಎಣಿಸುವುದನ್ನು ಬಿಟ್ಟ. ಶೋಭಾರಾಣಿ ಝೆರಾಕ್ಸ್ ಅಂಗಡಿ ಬಿಟ್ಟಳು.

ಹರಿಹರದಲ್ಲಿ ಹೊಳೆ ಕಡೆಗೆ ಮುಖ ಮಾಡಿದ ಕಲ್ಯಾಣ ಮಂಟಪವೊಂದು ಕಸ್ತೂರಮ್ಮನವರದು. ಹಿಂದಿನ ತಿಂಗಳು ಅಲ್ಲಿ ಯಾರೋ ಪುಣ್ಯಾತ್ಮ ಫೋನಿನಿಂದ ಗಟ್ಟಿಮೇಳ ಹಾಕಿದಾಗ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ನಡುವೆ ಮೂಲವ್ಯಾಧಿ ಔಷಧಿಯ ಜಾಹೀರಾತು ಬಂದಿತ್ತು. ಮದುಮಗನ ಅಪ್ಪ ಇವತ್ತಿಗೂ ಕಸ್ತೂರಮ್ಮನವರೊಂದಿಗೆ ಮಾತಾಡುವುದಿಲ್ಲವಂತೆ. ಅದರಿಂದ ಕಸ್ತೂರಮ್ಮ ಶೋಭಾರಾಣಿಯನ್ನು ಕರೆಸಿ, "ಬುಧವಾರದ ಮದುವಿ ಮಾಡಿಕೊಡು. ಗಟ್ಟಿಮೇಳದಾಗ ಒಂದು ಎಳಿ ತಪ್ಪಬಾರದು. ಸರಿ ಹೋತೋ, ಈ ವರ್ಷದ ಲಗ್ನ ಪೂರಾ ನಿಮ್ಮ ಮೇಳಕ್ಕೇ. ತಪ್ತೋ, ಆಮ್ಯಾಲೆ ನನ್ನ ಬಾಗ್ಲಿಗೆ ಬರಬ್ಯಾಡ," ಎಂದಿದ್ದರು.

ಒಂದು ವರ್ಷದ ಲಗ್ನ ಅಂದರೆ ಅಪ್ಪನ ಕುರ್ಚಿ ಒಂದು ವರ್ಷ ಗಟ್ಟಿ. ಶೋಭಾರಾಣಿ ಹಿಂದಿನ ದಿನವೇ ಕೇಬಲ್ಲು ಎರಡೆರಡು ಇಟ್ಟುಕೊಂಡಳು, ಲ್ಯಾಪ್‌ಟಾಪಿನ ಅಪ್‌ಡೇಟು ಬಂದ್ ಮಾಡಿದಳು, ಪ್ಯಾಡುಗಳನ್ನು ಒಣಬಟ್ಟೆಯಲ್ಲಿ ಒರೆಸಿದಳು. ಮನುಷ್ಯ ಮಾಡಬಹುದಾದದ್ದನ್ನೆಲ್ಲ ಮಾಡಿದಳು.

ಬುಧವಾರ ಬೆಳಗ್ಗೆ ಏಳಕ್ಕೆ ನಿಂಗಪ್ಪನ ಫೋನು ಬಂತು. ಹದಡಿಯಲ್ಲಿ ಅವನ ದೊಡ್ಡಪ್ಪ, ತೊಂಬತ್ತಮೂರು ವರ್ಷದ ಅಜ್ಜ, ಚಹಾ ಕುಡಿದು ಲೋಟ ಕೆಳಗಿಟ್ಟು ಹೋಗಿಬಿಟ್ಟಿದ್ದ. ಸಂಜೆ ಮಣ್ಣು. "ನಾನು ಬರಾಕ ಆಗಲ್ಲವ್ವ," ಎಂದ ನಿಂಗಪ್ಪ.

"ನೀವು ಅಲ್ಲಿ ನೋಡ್ಕೊಳ್ರಿ ಮಾವ. ನಿಮ್ಮ ಡೋಲು ನನ್ನ ಹತ್ರ ಐತಲ್ಲ," ಎಂದಳು. ಮನುಷ್ಯ ಬಾರದಿದ್ದರೂ ನಾದ ಬರಲಿ ಎಂದೇ ಅಲ್ಲವೇ ಈ ಪೆಟ್ಟಿಗೆ ತಂದದ್ದು. ಅಪ್ಪನಿಗೆ ಮಾತ್ರ ಬಸ್ಸಿನಲ್ಲಿ ನಾಲ್ಕು ಸಲ ಹೇಳಿದಳು, "ಸಾವಿನ ಸುದ್ದಿ ಯಾರ ಮುಂದೂ ಎತ್ತಬ್ಯಾಡ." ಶಿವಮೂರ್ತಿ ನಾಲ್ಕು ಸಲವೂ ಹೂಂ ಎಂದ. ಉಚ್ಚಂಗೆಪ್ಪ ತನ್ನೂರು ಬಾತಿಯಲ್ಲಿ ಬಸ್ಸು ಹತ್ತಿದ. ಸುದ್ದಿ ಕೇಳಿ, ಯಾರಿಗೂ ಅಲ್ಲದ ಹಾಗೆ "ಒಳ್ಳೆ ಮುದುಕ," ಎಂದು ಕಿಟಕಿ ಕಡೆ ತಿರುಗಿ ಕೂತ.

ಮುಹೂರ್ತ ಹನ್ನೊಂದೂ ಇಪ್ಪತ್ತಕ್ಕೆ. ಹತ್ತೂವರೆಗೆ ವೀಳ್ಯ ಕೊಡಲು ಮದುಮಗಳ ಅಜ್ಜಿ ರಂಗವ್ವ ತಟ್ಟೆ ಹಿಡಿದು ಬಂದಳು. ಕೈಯಲ್ಲಿ ಕೋಲಿದ್ದರೂ ಕಣ್ಣಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೂರು ಕುರ್ಚಿ ನೋಡಿದಳು, ಎರಡು ಪೇಟ ನೋಡಿದಳು.

"ಡೋಲಿನಾತ ಎಲ್ಲಿ?"

ಶೋಭಾರಾಣಿ ಬಾಯಿ ತೆರೆಯುವ ಮೊದಲೇ ಶಿವಮೂರ್ತಿಯ ಬಾಯಿ ತೆರೆದುಕೊಂಡಿತು. ಹಲ್ಲಿಲ್ಲದ ಬಾಯಿಗೆ ಬಾಗಿಲು ಹಾಕುವುದು ಹೇಗೆ. "ಅವ್ರ ದೊಡ್ಡಪ್ಪ ಹೋಗ್ಯಾರಮ್ಮ, ಬೆಳಿಗ್ಗೆ," ಎಂದ.

ರಂಗವ್ವ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ಅಣ್ಣತಮ್ಮಂದಿರ ಮನಿ ಸಾವು. ಹನ್ನೊಂದು ದಿನ ಸೂತಕ. ಆತನ ಡೋಲು ನಮ್ಮ ಹುಡುಗಿ ತಾಳಿಗೆ ಬಾರಿಸ್ತೀರಾ?"

"ಆತ ಬಂದಿಲ್ಲಲ್ಲಮ್ಮ. ಇದು ಎಂಟು ತಿಂಗಳ ಹಿಂದೆ ರೆಕಾರ್ಡ್ ಮಾಡಿದ್ದು," ಎಂದಳು ಶೋಭಾರಾಣಿ.

"ಯಾವಾಗಾರ ಮಾಡು. ಈಗ ಬರೋದು ಯಾರು?"

ಕಸ್ತೂರಮ್ಮ ಬಂದರು. ಮದುವೆ ಮಾಡಿಸುವ ಐನೋರು ಬಂದರು. ಶೋಭಾರಾಣಿ ಆ ಡೋಲನ್ನು ಎರಡನೇ ಪ್ಯಾಡಿನಿಂದ ತೆಗೆದು ಐದನೇ ಪ್ಯಾಡಿಗೆ ಹಾಕುತ್ತೇನೆ ಎಂದಳು. ಓಣಿ ಬದಲಿಸಿದರೆ ಸೂತಕ ಬಿಡುತ್ತದೆಯೇ ಎಂದು ರಂಗವ್ವ ಕೇಳಿದಳು. ಡೋಲು ಬಿಟ್ಟು ಬರೀ ಶಹನಾಯಿ, ತಾಳದಲ್ಲಿ ಮುಗಿಸುತ್ತೇನೆ ಎಂದಳು ಶೋಭಾರಾಣಿ. ಡೋಲಿಲ್ಲದ ಗಟ್ಟಿಮೇಳ ಯಾವ ಊರಲ್ಲಿದೆ, ತಾಳಿ ಕಟ್ಟುವಾಗ ಯಾರಾದರೂ ಸೀನಿದರೆ ಮುಚ್ಚುವುದು ಯಾವುದು ಎಂದು ಕಸ್ತೂರಮ್ಮ ಕೇಳಿದರು. ಕೊನೆಗೆ ಬೇರೆ ದಾರಿ ಕಾಣದೆ ಶೋಭಾರಾಣಿ ನಿಜ ಹೇಳಿದಳು.

"ಅಮ್ಮ, ಇದು ಬರೀ ಮಷೀನು ರೀ. ರಬ್ಬರು, ವೈರು. ಇದಕ್ಕೆ ಸೂತಕ ಹೆಂಗೆ ಬರ್ತೈತೆ?"

ಕಸ್ತೂರಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಮಷೀನು ಅಂದ್ರೆ ಇಷ್ಟು ದಿನ ಮೂರು ಮೂರು ವೀಳ್ಯ ಯಾಕ ತಗೊಂಡ್ರಿ? ಮಷೀನೇ ಬೇಕಿದ್ರೆ ನನ್ನ ಹತ್ರ ಫೋನಿಲ್ಲೇನು?"

ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಳು. ಅವಳಿಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಪ್ಪನ ಬಾಯಿಯ ಮೇಲೆ, ತೊಂಬತ್ತಮೂರು ವರ್ಷ ತಡೆದು ಇವತ್ತೇ ಹೋದ ಮುದುಕನ ಮೇಲೆ, ಎಲ್ಲಕ್ಕಿಂತ ತನ್ನ ನಾಲಿಗೆಯ ಮೇಲೆ. ಶಿವಮೂರ್ತಿ ಪೇಟ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಗಂಟೆ ಹನ್ನೊಂದು.

ಐನೋರಿಗೆ ಹನ್ನೆರಡಕ್ಕೆ ರಾಹುಕಾಲ ಹಿಡಿಯುವ ಚಿಂತೆ. ಅವರು ಬೇಸತ್ತು, ತಮಾಷೆಗೋ ಏನೋ, "ಡೋಲನ್ನ ಯಾರಿಗಾರ ದತ್ತು ಕೊಟ್ಬಿಡ್ರಿ ಅತ್ಲಾಗೆ. ದತ್ತು ಹೋದ ಮಗನಿಗೆ ಹೆತ್ತ ಮನಿ ಸೂತಕ ಇಲ್ಲ," ಎಂದರು.

ಯಾರೂ ನಗಲಿಲ್ಲ. ರಂಗವ್ವ ಕೋಲು ಊರಿ ಯೋಚಿಸಿದಳು. "ಅದು ಖರೆ ಐತೆ," ಎಂದಳು.

"ನಮ್ಮಪ್ಪ ತಗೋತಾನ್ರಿ," ಎಂದಳು ಶೋಭಾರಾಣಿ ತಕ್ಷಣ.

"ನೀನು ಇದ್ದೀಯಲ್ಲ. ಮಕ್ಕಳಿದ್ದೋರಿಗೆ ದತ್ತು ಯಾಕ? ಮಕ್ಕಳಿಲ್ದೋರು ಬೇಕು," ಎಂದಳು ರಂಗವ್ವ.

ಅಪ್ಪ ಮಗಳು ಪಕ್ಕದ ಕುರ್ಚಿಯ ಕಡೆ ನೋಡಿದರು, ಅವರನ್ನು ನೋಡಿ ಉಳಿದವರೂ ನೋಡಿದರು. ಉಚ್ಚಂಗೆಪ್ಪ ನೆಲ ನೋಡುತ್ತಿದ್ದ.

ಅವನ ಸಿಟ್ಟಿನ ಕಥೆ ಮೇಳದವರಿಗೆಲ್ಲ ಗೊತ್ತು. ಉಚ್ಚಂಗೆಪ್ಪ, ಅವನ ಹೆಂಡತಿ ಓಬವ್ವ, ಈ ದಂಪತಿಗೆ ಮಕ್ಕಳಿಲ್ಲ. ಹನ್ನೆರಡು ವರ್ಷದ ಹಿಂದೆ ನಿಂಗಪ್ಪನ ಹೆಂಡತಿ ಎರಡನೇ ಸಲ ಬಸುರಾದಾಗ, ಬಾತಿ ಕೆರೆಯ ಏರಿಯ ಮೇಲೆ ನಿಂಗಪ್ಪ ಗೆಳೆಯನ ಕೈಹಿಡಿದು, "ಗಂಡಾಗ್ಲಿ ಹೆಣ್ಣಾಗ್ಲಿ, ಈ ಕೂಸು ನಿಂದು," ಎಂದಿದ್ದ. ಓಬವ್ವ ತೊಟ್ಟಿಲು ತರಿಸಿದಳು, ಹಳೇ ಸೀರೆಗಳಿಂದ ಕೌದಿ ಹೊಲಿದಳು. ಕೂಸು ಹುಟ್ಟಿತು, ತಾಯಿ ಬಿಟ್ಟುಕೊಡಲಿಲ್ಲ. ಅಷ್ಟಕ್ಕೆ ಉಚ್ಚಂಗೆಪ್ಪ ಮಾತು ಬಿಡುತ್ತಿರಲಿಲ್ಲ. ತಾಯಿಯ ಸಂಕಟ ಅವನಿಗೂ ತಿಳಿಯುತ್ತಿತ್ತು. ಆದರೆ ನಾಲ್ಕು ಜನ ಹಿರಿಯರು ಕೂತು ಕೇಳಿದಾಗ ನಿಂಗಪ್ಪ, "ನಾನು ಹಂಗ ಅಂದೇ ಇಲ್ಲ, ಇವನೇ ಕತಿ ಕಟ್ಟ್ಯಾನ," ಎಂದುಬಿಟ್ಟ. ತೊಟ್ಟಿಲು ತಂದ ಗಂಡಹೆಂಡತಿ ಊರ ಬಾಯಲ್ಲಿ ಹುಚ್ಚರಾದರು.

"ಸೂತಕದಾಗ ಇರೋನು ದತ್ತು ಕೊಡಾಕ ಬರಲ್ಲ," ಎಂದಳು ರಂಗವ್ವ, ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚುತ್ತ.

ಆಗ ಉಚ್ಚಂಗೆಪ್ಪ ಬಾಯಿಬಿಟ್ಟ. "ಅವನು ಇವತ್ತು ಕೊಡೋದೇನೈತಮ್ಮ. ಹನ್ನೆರಡು ವರ್ಷದ ಹಿಂದೆ ತನ್ನ ಕೂಸು ನಿಂದು ಅಂತ ಕೊಟ್ಟಾನ. ತಗೊಳ್ಳೋದು ಉಳಿದೈತೆ. ಅದರ ಬದ್ಲಿ ಈ ಡೋಲು."

ಐನೋರು ಪಂಚಾಂಗ ಮಡಚಿದರು. ಕೊಟ್ಟದ್ದು ಸೂತಕಕ್ಕೆ ಮೊದಲಾದರೆ ಅಡ್ಡಿಯಿಲ್ಲ. ಆದರೆ ಕೊಟ್ಟೆ ಎಂದು ಕೊಟ್ಟವನು ಒಪ್ಪಿಕೊಳ್ಳಬೇಕು, ನಾವು ಕಿವಿಯಾರೆ ಕೇಳಬೇಕು ಎಂದರು. ಸಾವಿನ ಮನೆಯ ಅಳು ಮದುವೆ ಮಂಟಪದಲ್ಲಿ ಬೀಳಬಾರದು. ಹಾಗಾಗಿ ರಂಗವ್ವ, ಐನೋರು, ಉಚ್ಚಂಗೆಪ್ಪ, ಶೋಭಾರಾಣಿ ನಾಲ್ವರೂ ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ನಿಂತರು. ಅಡಿಗೆಯವರು ಹಿಟ್ಟಿನ ಕೈಯಲ್ಲೇ ಸಾಕ್ಷಿಗೆ ಬಂದರು. ಶೋಭಾರಾಣಿ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಉಚ್ಚಂಗೆಪ್ಪನ ಮುಂದೆ ಹಿಡಿದಳು.

"ಹೇಳವ್ವ," ಎಂದಿತು ಫೋನು. ಹಿಂದೆ ಹೆಂಗಸರು ಹಾಡಿ ಅಳುತ್ತಿದ್ದರು.

"ನಾನು," ಎಂದ ಉಚ್ಚಂಗೆಪ್ಪ.

ಹನ್ನೆರಡು ವರ್ಷ ತನ್ನ ಕಡೆ ತಿರುಗದ ದನಿಯನ್ನು ಗುರುತಿಸಲು ನಿಂಗಪ್ಪನಿಗೆ ಹೆಸರು ಬೇಕಾಗಲಿಲ್ಲ. "ಹೇಳು," ಎಂದ.

"ಕೆರೆ ಏರಿ ಮ್ಯಾಲೆ ಮಾತು ಕೊಟ್ಟಿದ್ಯೋ ಇಲ್ಲೋ?"

"ಈಗ ಯಾಕ ಅದು? ಇಲ್ಲಿ ಹೆಣ ಐತೆ."

"ಕೊಟ್ಟ್ಯೋ ಇಲ್ಲೋ, ಅಷ್ಟು ಹೇಳು."

ಅಳು ಏರಿತು, ಇಳಿಯಿತು. ಯಾರೋ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ ನಿಂಗಪ್ಪನ ದನಿ ಹತ್ತಿರದಿಂದ ಬಂತು.

"ಕೊಟ್ಟಿದ್ದೆ. ನನ್ನ ಹೆಂಡ್ತಿ ಕಾಲು ಹಿಡಕೊಂಡು ಬಿಡಲಿಲ್ಲ. ನಿನಗೆ ಹೆಂಗ ಮುಖ ತೋರಸ್ಲಿ ಅಂತ ಸುಳ್ಳು ಹೇಳಿದೆ. ಓಬವ್ವಂಗೆ ಹೇಳು, ತಪ್ಪು ನಂದೇ."

ಉಚ್ಚಂಗೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಆತು," ಎಂದ. "ಈಗ ನಿನ್ನ ಡೋಲು ನನಗ ಬೇಕು. ಪೆಟ್ಟಿಗ್ಯಾಗಿಂದು. ಮದುವಿ ನಿಂತೈತೆ."

"ತಗೊಳ್ಳಪ್ಪ. ನಿಂದೇ," ಎಂದ ನಿಂಗಪ್ಪ.

ಹನ್ನೊಂದೂ ಹದಿನೆಂಟು. ಮದುಮಕ್ಕಳ ನಡುವೆ ಅಂತರಪಟ ಹಿಡಿದವರ ಕೈ ಸೋತು ಬಟ್ಟೆ ಜೋಲುತ್ತಿತ್ತು. ದತ್ತು ಅಂದ ಮೇಲೆ ಕೂಸನ್ನು ತೊಡೆಯ ಮೇಲೆ ಕೂರಿಸಬೇಕು ಎಂದು ರಂಗವ್ವ ಹಟ ಹಿಡಿದಳು. ಉಚ್ಚಂಗೆಪ್ಪ ಕುರ್ಚಿ ಬಿಟ್ಟು ಪದ್ಮಾಸನ ಹಾಕಿ ಕೂತ. ಪೆಟ್ಟಿಗೆಯನ್ನು ಕೇಬಲ್ ಸಮೇತ ಅವನ ತೊಡೆಯ ಮೇಲಿಟ್ಟರು. ಧಾರೆ ನೀರು ಎರೆಯುತ್ತೇನೆಂದು ರಂಗವ್ವ ತಂಬಿಗೆ ಎತ್ತಿದಾಗ ಶೋಭಾರಾಣಿ ಅಡ್ಡ ಬಿದ್ದಳು. ನೀರು ಬಿದ್ದರೆ ಈ ಕೂಸು ಉಳಿಯುವುದಿಲ್ಲ ಎಂದಳು. ಕೂಸು ಉಳಿಯಬೇಕೆಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ನೀರನ್ನು ಉಚ್ಚಂಗೆಪ್ಪನ ಬಲಗೈಗೆ ಬಿಟ್ಟು, ಆ ಕೈಯನ್ನು ಚೆನ್ನಾಗಿ ಒರೆಸಿದರು.

ಶೋಭಾರಾಣಿ ಮಂಡಿಯೂರಿ ಕೂತು ಲ್ಯಾಪ್‌ಟಾಪ್ ತೆರೆದಳು. ನಿಂಗಪ್ಪನ ಫೋಲ್ಡರಿನಿಂದ ಡೋಲಿನ ಅಷ್ಟೂ ಫೈಲುಗಳನ್ನು ಉಚ್ಚಂಗೆಪ್ಪನ ಫೋಲ್ಡರಿಗೆ ಎಳೆದು ಹಾಕಿದಳು. ಎರಡನೇ ಪ್ಯಾಡಿನ ಚಾನೆಲ್ಲು ಎರಡು ಇದ್ದದ್ದನ್ನು ಮೂರು ಮಾಡಿದಳು. ಬಣ್ಣ ಕೆಂಪು ತೆಗೆದು ಹಸಿರು ಮಾಡಿದಳು. ಹಳೆಯದು ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಲ್ಯಾಪ್‌ಟಾಪು ಇಂಗ್ಲಿಷಿನಲ್ಲಿ ಕೇಳಿತು. ಅವಳು ಅದನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದಳು.

"ಹೂಂ ಅನ್ರಿ," ಎಂದರು ಐನೋರು. "ಲಗೂನ ಸೇವ್ ಮಾಡ್ರಿ, ಕಾಲ ಮೀರ್ತೈತೆ."

ಅವಳು ಸೇವ್ ಒತ್ತಿದಳು. ಉಚ್ಚಂಗೆಪ್ಪನ ತೊಡೆಯ ಮೇಲೆ ಎರಡನೇ ಪ್ಯಾಡಿನ ಕೆಂಪು ಆರಿ ಹಸಿರು ಹತ್ತಿತು. ರಂಗವ್ವ ಅವನ ಬಾಯಿಗೆ ಬೆಲ್ಲ ಹಾಕಿದಳು. ವೀಳ್ಯದ ತಟ್ಟೆ ಮುಂದಕ್ಕೆ ಬಂತು.

ಪೆಟ್ಟಿಗೆಯನ್ನು ಅವನ ತೊಡೆಯಿಂದ ತೆಗೆಯಲು ಅವಳಿಗೆ ಧೈರ್ಯ ಬರಲಿಲ್ಲ. ಬಗ್ಗಿ ನಿಂತು, ಒಂದು ಕೈಯಲ್ಲಿ ಅಪ್ಪನ ಶಹನಾಯಿ ಹಿಡಿದಳು. "ಮಾವ, ಐನೋರು ಕೈ ಎತ್ತಿದಾಗ ಜೋರಾಗಿ ಒತ್ರಿ," ಎಂದಳು. ಮೂವತ್ತೈದು ವರ್ಷ ತಾಳ ಹಾಕಿದ ಕೈಗೆ ಯಾವಾಗ ಎಂದು ಹೇಳಿಕೊಡಬೇಕಿರಲಿಲ್ಲ. "ಗಟ್ಟಿಮೇಳ" ಎಂದು ಐನೋರು ಕೂಗಿದ ಗಳಿಗೆಗೇ ಅವನ ಒಂದು ಬೆರಳು ಎರಡನೇ ಪ್ಯಾಡಿಗೆ ಬಿತ್ತು, ಇನ್ನೊಂದು ಎಂಟನೆಯದಕ್ಕೆ. ಡೋಲೂ ತಾಳವೂ ಒಂದೇ ಚಾನೆಲ್ಲಿನಲ್ಲಿ, ಒಂದೇ ಕೈಯಲ್ಲಿ ಎದ್ದು ಬಂದವು. ಅವಳು ನಾಬನ್ನು ಬಲಕ್ಕೆ ತುದಿಯವರೆಗೆ ತಿರುಗಿಸಿದಳು. ಮದುವೆ ಮನೆಯ ಗಾಜಿನ ಲೋಟಗಳೆಲ್ಲ ಅದುರಿದವು. ಅಕ್ಕಿಕಾಳು ಬಿದ್ದವು, ತಾಳಿ ಕೊರಳಿಗೆ ಬಿತ್ತು. ಯಾರಾದರೂ ಸೀನಿದರೋ ಇಲ್ಲವೋ ದೇವರಿಗೇ ಗೊತ್ತು.

"ವರ್ಷ ಪೂರಾ ನಿಮ್ದೇ," ಎಂದರು ಕಸ್ತೂರಮ್ಮ ಕಣ್ಣೊರೆಸಿಕೊಳ್ಳುತ್ತ. "ನಾಳೆ ಹತ್ತೂ ಐದಕ್ಕೆ ಇನ್ನೊಂದು ಐತೆ. ಎಂಟಕ್ಕೆಲ್ಲ ಬಂದ್ಬಿಡ್ರಿ." ಶಿವಮೂರ್ತಿ ಪೇಟ ಮತ್ತೆ ಸುತ್ತಿಕೊಂಡ. ಶೋಭಾರಾಣಿಗೆ ಹಸಿವೆಂಬುದು ಆಗ ನೆನಪಾಯಿತು.

ಊಟದ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ನೋಡಿದರೆ ಉಚ್ಚಂಗೆಪ್ಪ ಬಂದಿರಲಿಲ್ಲ. ಪೇಟ ಮಡಚಿ ಚೀಲಕ್ಕೆ ಹಾಕಿ, ಪೆಟ್ಟಿಗೆ ತೊಡೆಯ ಮೇಲೆಯೇ ಇಟ್ಟುಕೊಂಡು ಕಾಯುತ್ತಿದ್ದ.

"ನಾನು ಹದಡಿಗೆ ಹೋಗ್ತೀನವ್ವ. ಮಣ್ಣಿಗೆ."

"ಹೋಗಿ ಬರ್ರಿ ಮಾವ. ಮಣ್ಣು ಹಾಕಿ, ಸ್ನಾನ ಮಾಡಿ, ನಾಳೆ ಎಂಟಕ್ಕೆ ಇಲ್ಲಿಗೆ ಬಂದ್ಬಿಡ್ರಿ." ಹೊರಗಿನವರಿಗೆ ಅಷ್ಟೇ ತಾನೇ. ಮೈ ತೊಳೆದರೆ ಮುಗಿಯಿತು.

"ಸ್ನಾನ ಮಾಡಿ ಎದ್ದು ಬರೋ ಸಂಬಂಧ ಅಲ್ಲ ಇದು," ಎಂದ ಉಚ್ಚಂಗೆಪ್ಪ. "ಅವ್ನ ಮನ್ಯಾಗ ಹನ್ನೊಂದು ದಿನ ಕೂಡ್ತೀನಿ. ನಾನೂ ಸೂತಕ ಹಿಡಿತೀನಿ."

ಶೋಭಾರಾಣಿಗೆ ತಲೆಗೆ ಏರಿತು. "ಹಂಗಂದ್ರೆ ಹೆಂಗೆ ಮಾವ? ಡೋಲು ಈಗ ನಿಮ್ಮ ಚಾನೆಲ್ಲು, ತಾಳನೂ ನಿಮ್ಮ ಚಾನೆಲ್ಲು. ನೀವು ಸೂತಕ ಹಿಡಿದ್ರೆ ನಾಳೆ ನನ್ನ ಹತ್ರ ಏನು ಉಳೀತೈತೆ? ಬೆಳಿಗ್ಗೆಯಿಂದ ಒದ್ದಾಡಿದ್ದು ಯಾತಕ್ಕೆ? ನಿಮ್ಮಿಬ್ರ ಹನ್ನೆರಡು ವರ್ಷದ ಸಿಟ್ಟೂ ನನ್ನ ತಲೆ ಮ್ಯಾಲೆ, ಈಗ ಪ್ರೀತಿನೂ ನನ್ನ ತಲೆ ಮ್ಯಾಲೆನಾ?"

"ನೀನು ಬಾರಿಸ್ಕೊ. ನನ್ನ ತಕರಾರಿಲ್ಲ," ಎಂದ ಅವನು ಮೆತ್ತಗೆ. ಅವಳು ಅಪ್ಪನ ಕಡೆ ನೋಡಿದಳು. ಬೇಡದಾಗೆಲ್ಲ ತೆರೆದುಕೊಳ್ಳುವ ಆ ಬಾಯಿ ಈಗ ಬಿಗಿಯಾಗಿ ಮುಚ್ಚಿತ್ತು.

ಬಾರಿಸಬಹುದಿತ್ತು. ನಾಳಿನ ಮದುವೆಯಲ್ಲಿ ರಂಗವ್ವ ಇರುವುದಿಲ್ಲ, ಕೇಳುವವರಿಲ್ಲ. ಖಾಲಿ ಕುರ್ಚಿಗೆ ಯಾರನ್ನಾದರೂ ಪೇಟ ಸುತ್ತಿ ಕೂರಿಸಿದರಾಯಿತು. ಅವಳು ಅಷ್ಟನ್ನೂ ಯೋಚಿಸಿದಳು, ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸುತ್ತಲೇ ಕಸ್ತೂರಮ್ಮನವರ ಕೋಣೆಗೆ ಹೋದಳು.

"ನಮ್ಮ ಮೇಳದಾಗ ಸಾವಾಗೈತ್ರಿ. ಹನ್ನೊಂದು ದಿನ ಬಾರಿಸಂಗಿಲ್ಲ," ಎಂದಳು.

ಕಸ್ತೂರಮ್ಮ ಕನ್ನಡಕ ತೆಗೆದರು. "ಪೆಟ್ಟಿಗಿಗೂ ಸೂತಕಾನಾ?"

"ಪೆಟ್ಟಿಗಿಗೂ ರೀ."

"ನಾಳೆಯಿಂದ ಬೇರೆಯವರನ್ನ ಕರೆಸ್ಬೇಕಾಗ್ತೈತೆ. ಬಂದೋರನ್ನ ಆಮ್ಯಾಲೆ ಹೋಗ್ರಿ ಅನ್ನಾಕ ನನ್ನ ಕಡೆ ಆಗಲ್ಲ, ನೋಡು."

"ಗೊತ್ತೈತ್ರಿ," ಎಂದಳು. ಒಂದು ವರ್ಷದ ಲಗ್ನವನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಆದರೆ ಎದೆಯಲ್ಲಿ, ಅವಳಿಗೇ ಆಶ್ಚರ್ಯವಾಗುವಂತೆ, ನಾಚಿಕೆ ಇರಲಿಲ್ಲ.

ಮೂವರೂ ಉಪವಾಸವೇ ದಾವಣಗೆರೆಗೆ ಬಂದು ಹದಡಿಯ ಸರ್ಕಾರಿ ಬಸ್ಸು ಹತ್ತಿದರು. ಶಿವಮೂರ್ತಿ ಕಿಟಕಿಗೆ, ಉಚ್ಚಂಗೆಪ್ಪ ಪಕ್ಕಕ್ಕೆ, ಅವನ ತೊಡೆಯ ಮೇಲೆ ಪೆಟ್ಟಿಗೆ. ಚೀಲಕ್ಕೆ ಹಾಕೋಣ ಎಂದರೆ, ಉಸಿರು ಕಟ್ಟುತ್ತದೆ ಎಂದು ಅವನು ಕೊಟ್ಟಿರಲಿಲ್ಲ. ಕಂಡಕ್ಟರ್ ಬಂದು ಶೋಭಾರಾಣಿಗೆ ಹೆಂಗಸರ ಉಚಿತ ಚೀಟಿ ಹರಿದುಕೊಟ್ಟು, ಗಂಡಸರಿಬ್ಬರಿಗೆ ಟಿಕೆಟ್ ಹರಿದ.

"ಇದಕ್ಕೂ ಒಂದು ಕೊಡ್ರಿ," ಎಂದ ಉಚ್ಚಂಗೆಪ್ಪ.

"ಇರ್ಲಿ ಬಿಡ್ರಿ ಯಜಮಾನ್ರೆ. ಸಣ್ಣದೈತೆ, ಲಗೇಜ್ ಏನು ಬ್ಯಾಡ."

"ಲಗೇಜಲ್ಲ."

ಕಂಡಕ್ಟರ್ ಪೆಟ್ಟಿಗೆ ನೋಡಿದ, ಅದನ್ನು ತಬ್ಬಿಕೊಂಡ ಕೈ ನೋಡಿದ, ನಗು ತಡೆದುಕೊಂಡು, "ಹಂಗಾದ್ರ ಅರ್ಧ ಟಿಕೆಟ್ ಕೊಡ್ಲಾ?" ಎಂದ.

"ಹನ್ನೆರಡು ತುಂಬೈತ್ರಿ," ಎಂದ ಉಚ್ಚಂಗೆಪ್ಪ. "ಪೂರಾ ಟಿಕೆಟ್ಟೇ ಕೊಡ್ರಿ."

ಕಂಡಕ್ಟರ್ ಶೋಭಾರಾಣಿಯ ಕಡೆ ತಿರುಗಿದ. ಅವಳು ಪರ್ಸು ತೆಗೆದು ಮೂರು ಪೂರಾ ಟಿಕೆಟ್ಟಿನ ದುಡ್ಡು ಕೊಟ್ಟಳು.